ಜಮಖಾನದ ಆಚೆಯ ಸಮುದ್ರ

ಹಡಗಿನಲ್ಲಿ ಹೋಗಿಬಂದವರು ಒಬ್ಬರು ಇದ್ದಾರೆಂದರೆ ಆ ಮನೆಯ ಮದುವೆ ಊಟಕ್ಕೆ ನಾನು ಹೋಗುವುದಿಲ್ಲ. ಪಾಯಸ ಬಡಿಸುವ ಹೊತ್ತಿಗೆ ಅವರು ಸಮುದ್ರಕ್ಕೆ ಇಳಿದುಬಿಡುತ್ತಾರೆ, ಮಜ್ಜಿಗೆ ಬಂದರೂ ದಡ ಸೇರುವುದಿಲ್ಲ. ಪಂಕ್ತಿಯಲ್ಲಿ ಕೂತವರು ಅರ್ಧಕ್ಕೆ ಏಳುವ ಹಾಗಿಲ್ಲ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಇದು ನನ್ನ ಹೊಟ್ಟೆಕಿಚ್ಚಿನ ಮಾತಲ್ಲ. ನಾನೂ ಹೋದವಳೇ. ಮಂಗಳೂರಿನಿಂದ ಬೊಂಬಾಯಿಯವರೆಗೆ, ಉತ್ತರದ ಕರಾವಳಿಯ ಉದ್ದಕ್ಕೂ, ಮೂರು ರಾತ್ರಿ ಎರಡು ಹಗಲು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಸಂಗತಿ. ಆಗ ನನಗೆ ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಕೊರವಂಗಲದಿಂದ ಹೊಳೆನರಸೀಪುರದ ಕೊಬ್ಬರಿ ಮಂಡಿಯವರ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು.

ಇದಕ್ಕೆಲ್ಲ ಮೂಲ ಹಾಸನದ ಒಬ್ಬ ಜಮೀನುದಾರರು. ಚನ್ನರಾಯಪಟ್ಟಣದಲ್ಲಿ ನಮ್ಮ ನೆಂಟರ ಮನೆಯ ವೀಳ್ಯಶಾಸ್ತ್ರಕ್ಕೆ ಬಂದಿದ್ದ ಆ ಪುಣ್ಯಾತ್ಮರು, ತಾವು ಸ್ಟೀಮರಿನಲ್ಲಿ ಬೊಂಬಾಯಿಗೆ ಹೋಗಿಬಂದ ಕಥೆ ತೆಗೆದರು. ವ್ಯಾಪಾರಕ್ಕಲ್ಲ, ಕೋರ್ಟು ಕಚೇರಿಗಲ್ಲ, ಸುಮ್ಮನೆ ನೋಡುವುದಕ್ಕೆಂದೇ ಹೋಗಿದ್ದರಂತೆ. ಬಲಗಡೆ ಬೆಟ್ಟಗಳು ನೇರವಾಗಿ ಸಮುದ್ರಕ್ಕೇ ಇಳಿದುಬಿಡುತ್ತವಂತೆ, ಹೊಳೆ ಬಂದು ಸೇರುವ ಕಡೆ ನೀರಿಗೆ ಎರಡು ಬಣ್ಣವಂತೆ. ಗಂಡಸರೆಲ್ಲ ಬಾಯಿ ಬಿಟ್ಟುಕೊಂಡು ಕೇಳಿದರು. ನನ್ನ ಮಾವನವರು ಮಾತ್ರ ಬಾಯಿ ಬಿಡಲಿಲ್ಲ, ಅವರ ಮುಖ ಕೆಂಪಾಗಿತ್ತು. ಆವರೆಗೆ ಯಾವ ಸಭೆಯಲ್ಲೂ ಅವರು ಕೇಳುವವರ ಸಾಲಿನಲ್ಲಿ ಕೂತದ್ದಿಲ್ಲ. ಅವರಿಗೆ ಸಮುದ್ರ ಬೇಕಿರಲಿಲ್ಲ, ತಮ್ಮ ಮಾತು ಕೇಳುವವರು ಬೇಕಿದ್ದರು.

ಪಕ್ಕದಲ್ಲಿ ಅವರ ತಂಗಿಯ ಗಂಡ ಕೂತಿದ್ದರು. ಅರಕಲಗೂಡಿನಲ್ಲಿ ಹೊಗೆಸೊಪ್ಪಿನ ವ್ಯಾಪಾರ ಮಾಡುತ್ತಿದ್ದ ಇವರ ಕತ್ತು ಮಾವನವರ ಕತ್ತು ಯಾವ ಕಡೆ ಆಡಿದರೆ ಆ ಕಡೆಗೇ ಆಡುತ್ತಿತ್ತು.

"ಭಾವ, ನಾವೇನ್ ಕಮ್ಮಿನಾ? ಓಗ್ಬುಡಾನ," ಅಂದರು ಮಾವನವರು.

"ಓಗಾನ. ನೀವಂದ್ ಮ್ಯಾಲೆ ಮುಗೀತು," ಅಂದರು ಅರಕಲಗೂಡಿನವರು.

ಹೀಗೆ, ನೀರು ಕಂಡರೆ ಕಾಲು ತೊಳೆಯುವುದು ಬಿಟ್ಟು ಬೇರೇನೂ ತೋಚದ ಇಬ್ಬರು ಕರಾವಳಿ ನೋಡಲು ಹೊರಟರು. ಹೋಗುವಾಗ ಹಡಗು, ಬರುವಾಗ ರೈಲು ಎಂದು ಗೊತ್ತಾಯಿತು.

ಆ ದಿನ ಬಾಗಿಲ ಮರೆಯಲ್ಲಿ ನಿಂತು ಆ ಕಥೆಯನ್ನು ನಿಜವಾಗಿ ಕೇಳಿಸಿಕೊಂಡವರು ನನ್ನ ಅತ್ತೆ. ಚನ್ನರಾಯಪಟ್ಟಣದ ಕಡೆ ಒಂದು ಹಳ್ಳಿಯಲ್ಲಿ ಹುಟ್ಟಿದವರು. ಊರ ಕೆರೆ ಮತ್ತು ಪ್ರವಾಹ ಬಂದಾಗಿನ ಹೇಮಾವತಿ, ಇವೆರಡೇ ಅವರು ಕಂಡ ದೊಡ್ಡ ನೀರು. ಮದುವೆಯಾಗಿ ಮೂವತ್ತು ವರ್ಷವಾಗುತ್ತ ಬಂದಿದ್ದರೂ ಗಂಡನ ಹತ್ತಿರ ಒಂದು ಮೂಗುತಿ ಕೇಳಿದವರಲ್ಲ, ತವರಿನಲ್ಲಿ ಇನ್ನೊಂದು ದಿನ ಇರುತ್ತೇನೆಂದು ಕೇಳಿದವರಲ್ಲ. ಮನೆಗೆ ಬಂದ ಮೇಲೆ, ಮಾವನವರಿಗೆ ಮುದ್ದೆ ಬಡಿಸುತ್ತ, ಕೇಳಿಯೇಬಿಟ್ಟರು.

"ನಾನೂ ಬತ್ತೀನಿ ಕಣ್ರೀ. ಬೆಟ್ಟ ಸಮುದ್ರಕ್ಕಿಳಿಯಾದ ಒಂದ್ಸತಿ ನೋಡ್ಬೇಕು."

"ನೀನಾ? ನೋಡಿ ಏನ್ ಮಾಡೀಯೆ?"

"ಏನೂ ಮಾಡಲ್ಲ. ನೋಡ್ತೀನಿ, ಅಷ್ಟೇಯ."

ಮಾವನವರು ನಕ್ಕರು. ಆಮೇಲೆ ಅವರಿಗೆ ಅಗ್ಗಣಿ ನೆನಪಾಯಿತು, ನಗು ನಿಂತಿತು.

ಲಿಂಗಪೂಜೆಗೆಂದು ಮಡಿಯಲ್ಲಿ ತರುವ ನೀರಿಗೆ ನಮ್ಮಲ್ಲಿ ಅಗ್ಗಣಿ ಅನ್ನುತ್ತೇವೆ. ಮಾವನವರಿಗೆ ದಿನವೂ ಹೇಮಾವತಿಯ ಅಗ್ಗಣಿಯೇ ಆಗಬೇಕು. ಪೂಜೆಯಾಗದೆ ಬಾಯಿಗೆ ಏನೂ ಹಾಕರು. ಬಿಂದಿಗೆಗೆ ಹೊರಗಿನವರ ಕೈ ಸೋಕಿತೋ, ನೀರು ಚೆಲ್ಲಿ ಮತ್ತೆ ತರಬೇಕು. ಕೊರಳಲ್ಲಿ ಲಿಂಗ ಅತ್ತೆಗೂ ಇತ್ತು, ನನಗೂ ಇತ್ತು. ಆದರೆ ನಮ್ಮ ಪೂಜೆಗೆ ಬಾವಿಯ ನೀರು ಸಾಕೆಂದು ಅವರೇ ತೀರ್ಮಾನಿಸಿದ್ದರು. "ಹೆಂಗುಸ್ರಿಗೆ ನಡೀತದೆ," ಅನ್ನುತ್ತಿದ್ದರು. ದೇವರ ಮುಂದೆ ಹೆಣ್ಣು ಗಂಡು ಒಂದೇ ಎಂದು ಮಠದಲ್ಲಿ ತಲೆದೂಗಿ ಬಂದು ಈ ಮಾತು ಆಡಲು ದೊಡ್ಡ ಧೈರ್ಯವೇ ಬೇಕು.

ಸಮುದ್ರದ ನಡುವೆ ಹೇಮಾವತಿ ಎಲ್ಲಿ ಸಿಗಬೇಕು? ಹೊತ್ತುಕೊಂಡೇ ಹೋಗುವುದೆಂದಾಯಿತು. ಎಂಟು ತಾಮ್ರದ ಬಿಂದಿಗೆ, ಬಾಯಿಗೆ ಬಿಳಿ ಬಟ್ಟೆ ಬಿಗಿದು ಕಟ್ಟಿದ್ದು. ಅವನ್ನು ಕಾಯಲು ಮನೆಯ ಹೆಂಗಸರು ಬೇಕು, ಒಬ್ಬರಲ್ಲ, ಇಬ್ಬರು. ಹೀಗೆ ಅತ್ತೆ ಕೇಳಿದ್ದು ಅವರಿಗೆ ಸಿಕ್ಕಿತು, ನನಗೆ ಕೇಳದೆಯೇ ಸಿಕ್ಕಿತು. ನನ್ನ ಯಜಮಾನರೂ ಹೊರಟರು, ಅಪ್ಪ ಇಸ್ಪೀಟು ಆಡಲು ಕೂತರೆ ಒಂದು ಕೈ ಕಡಿಮೆಯಾಗಬಾರದೆಂದು.

ಹೊಳೆನರಸೀಪುರದಿಂದ ಹಾಸನಕ್ಕೆ ರೈಲು, ಹಾಸನದಿಂದ ಮಂಗಳೂರಿಗೆ ಬಸ್ಸು. ಘಾಟಿಯ ತಿರುವುಗಳಲ್ಲಿ ನಾವಿಬ್ಬರೂ ಬಿಂದಿಗೆಗಳನ್ನು ತಬ್ಬಿಕೊಂಡು ಕೂತಿದ್ದೆವು. ಮಂಗಳೂರಿನಲ್ಲಿ ಹಡಗು ದಡಕ್ಕೆ ಬರುವುದಿಲ್ಲ, ದೋಣಿಯಲ್ಲಿ ಹೋಗಿ ಹತ್ತಬೇಕು. ದೋಣಿ ಹತ್ತುವಾಗಲೇ ಕತ್ತಲಾಗಿತ್ತು. ಬಿಂದಿಗೆಗಳನ್ನು ಮೇಲೆತ್ತಲು ಬಂದ ಖಲಾಸಿಗಳ ಮೇಲೆ ಅರಕಲಗೂಡಿನವರು "ಮುಟ್ಬ್ಯಾಡ್ರಪ್ಪೋ! ಮುಟ್ಬ್ಯಾಡಿ!" ಎಂದು ಕೂಗಿಕೊಂಡರು. ಆ ಖಲಾಸಿಗಳಿಗೆ ಇದರಲ್ಲಿ ನೀರಿದೆ ಎಂದು ಗೊತ್ತಾದಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಸಮುದ್ರಕ್ಕೆ ನೀರು ಹೊತ್ತು ತಂದವರನ್ನು ಅವರು ಅದೇ ಮೊದಲು ನೋಡಿದ್ದಿರಬೇಕು.

ಹಡಗಿನ ಕೆಳಗಿನ ಅಂತಸ್ತಿನಲ್ಲಿ, ಮೇಲಕ್ಕೆ ಹೋಗುವ ಏಣಿಯ ಬುಡದಲ್ಲೇ ನಮಗೊಂದು ಮೂಲೆ ಸಿಕ್ಕಿತು. ಮಾವನವರು ಅದಕ್ಕೆ ಪರದೆಯ ಹಾಗೆ ಜಮಖಾನ ಕಟ್ಟಿಸಿದರು. ನಮ್ಮಲ್ಲಿ ಗೋಷಾ ಇಲ್ಲ. ಹೊಳೆಗೆ ಹೋಗುತ್ತೇವೆ, ಸಂತೆಗೆ ಹೋಗುತ್ತೇವೆ, ಮಂಡಿಯಲ್ಲಿ ಆಳುಗಳ ಮುಂದೆ ಓಡಾಡುತ್ತೇವೆ. ಆ ಜಮಖಾನ ಕಟ್ಟಿದ್ದು ನಮಗಲ್ಲ, ಬಿಂದಿಗೆಗಳಿಗೆ. ಒಳಗೆ ಎಂಟು ಬಿಂದಿಗೆ, ಕೋಡುಬಳೆ ಡಬ್ಬ, ಹುಳಿಯನ್ನದ ಬುತ್ತಿ, ಅತ್ತೆ, ನಾನು. ಗಂಡಸರು ಮೂವರೂ ಮೇಲೆ ಹೋದರು.

ಬೆಳಗಾಯಿತು. ಜಮಖಾನದ ಕೆಳಗೆ ಒಂದು ಗೇಣು ಬೆಳಕು ಬಂತು. ಆಚೆ ಯಾರೋ ಮಗುವನ್ನು ಎತ್ತಿಕೊಂಡು "ಅಕೋ ಬೆಟ್ಟ, ಅಕೋ" ಅನ್ನುತ್ತಿದ್ದರು. ಅತ್ತೆ ಆ ಕಡೆಗೇ ಕಿವಿಯಿಟ್ಟು ಕೂತರು. ಪೂಜೆಗೆಂದು ಮಾವನವರು ಇಳಿದುಬಂದಾಗ ಕೇಳಿದರು.

"ನಾವೂ ಒಂದ್ಗಳಿಗೆ ಮ್ಯಾಕೆ ಬರಾನಾ?"

"ಈಗೇನೈತೆ, ಬರೀ ನೀರು. ಬೆಟ್ಟ ಬಂದಾಗ ಕರೀತೀನಿ ತಗೋ."

"ಒಬ್ರು ಕಾಯ್ತೀವಿ, ಒಬ್ರು ಬತ್ತೀವಿ."

"ಒಬ್ಳೇ ಕುಂತ್ರೆ ತೂಕಡಿಸ್ತೀರ. ಕರೀತೀನಿ ಅಂದ್ನಲ್ಲ."

ಕರೆಯಲಿಲ್ಲ. ಹೊನ್ನಾವರ ಬಂತು, ಕುಮಟೆ ಬಂತು. ಹಡಗು ನಿಂತಾಗ ಊರಿನ ಹೆಸರು ಕೂಗುತ್ತಿದ್ದರು, ಹೊರಡುವಾಗ ಕೂಗು ಹಾಕುತ್ತಿದ್ದರು. ನಮಗೆ ಆ ಊರುಗಳು ಗೊತ್ತಾದದ್ದು ಅಷ್ಟೇ. ಕಾರವಾರ ಬಂದಾಗ ಮೇಲೆ ಜನ ಒಂದು ಪಕ್ಕಕ್ಕೆ ದಡದಡನೆ ಓಡಿದ್ದು ಕೇಳಿಸಿತು. ನಮ್ಮವರು ಓಡಲಿಲ್ಲ. ನನ್ನ ಯಜಮಾನರೇ ಆಮೇಲೆ ಹೇಳಿದ್ದು: ಮಾವನವರು ಸಮುದ್ರಕ್ಕೆ ಬೆನ್ನು ಮಾಡಿ ಕೂತು ಇಸ್ಪೀಟಿನ ಎಲೆ ಎಣಿಸುತ್ತಿದ್ದರಂತೆ, ಅರಕಲಗೂಡಿನವರು ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದರಂತೆ. ಊರಿನ ಚಾವಡಿಯಲ್ಲಿ ಮಾಡುವುದನ್ನೇ ಅಷ್ಟು ದೂರ ಹೋಗಿ ಮಾಡಿದರು.

ಎರಡನೆಯ ಹಗಲು ಬಂತು. ಅದೇ ಕೊನೆಯದು, ಮಾರನೆಯ ನಸುಕಿಗೆ ಬೊಂಬಾಯಿ. ಮಾವನವರು ಪೂಜೆ ಮುಗಿಸಿ, ಅವಲಕ್ಕಿ ತಿಂದು, ಕೈ ಒರೆಸಿಕೊಂಡು ಏಣಿ ಹತ್ತಿದರು. ಅತ್ತೆ ಕೇಳುತ್ತಾರೆಂದು ಕಾದಿದ್ದೆ, ಅವರು ಕೇಳಲಿಲ್ಲ. ತಟ್ಟೆ ತೊಳೆದಿಟ್ಟರು. ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತರು.

"ಏಳವ್ವ, ಓಗಾನ."

"ಎಲ್ಲಿಗತ್ತೆಮ್ಮ?"

"ಮ್ಯಾಕೆ."

"ಬಿಂದ್ಗೆ?"

"ಅವೇನ್ ಸಮುದ್ರಕ್ಕೆ ಆರ್ಕಂಡಾವಾ? ಏಳು."

ಕೈ ಚಾಚಿದರು. ನನಗೆ ಹೋಗಬೇಕೆಂದು ಆಸೆಯಿತ್ತು. ಆಸೆಗಿಂತ ಹೆದರಿಕೆ ದೊಡ್ಡದಿತ್ತು. ಒಂದು ಬಿಂದಿಗೆ ಉರುಳಿದರೆ ಬೈಗುಳ ಯಾರ ತಲೆಗೆ ಬರುತ್ತದೆ ಎಂದು ಆ ಕ್ಷಣದಲ್ಲೇ ಲೆಕ್ಕ ಹಾಕಿಬಿಟ್ಟೆ. ಹಳಬರನ್ನು ಬಿಟ್ಟು ಹೊಸ ಸೊಸೆಯ ತಲೆಗೇ.

"ನೀವು ಓಗ್ಬನ್ನಿ ಅತ್ತೆಮ್ಮ. ನಾ ಕಾಯ್ತೀನಿ. ಆಮ್ಯಾಲೆ ಓಗ್ತೀನಿ," ಅಂದೆ.

ಆಮೇಲೆ ಅನ್ನುವುದು ಇಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಚಾಚಿದ ಕೈಯನ್ನು ಅವರು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದರು. ಆಮೇಲೆ ಜಮಖಾನ ಸರಿಸಿ ಹೋದರು. ಒಬ್ಬರೇ ಏಣಿ ಹತ್ತುವ ಸಪ್ಪಳ ಕೇಳಿಸಿತು.

ಮೊದಲು ಕೇಳಿದ್ದು ಅರಕಲಗೂಡಿನವರ ಚೀರಾಟ. "ಭಾವಾ! ಅಕ್ಕ ಮ್ಯಾಕೆ ಬಂದವ್ರೆ!"

ಹೆಂಡತಿ ಹೇಗೆ ಬಂದಳು, ಏಣಿಯಲ್ಲಿ ಕಾಲು ಜಾರಿತೇ, ತಲೆ ಸುತ್ತುತ್ತಿದೆಯೇ, ಇದಾವುದನ್ನೂ ಮಾವನವರು ಕೇಳಲಿಲ್ಲ.

"ಬಿಂದ್ಗೆ ತಾವ ಯಾರವ್ರೆ?"

"ಸೊಸೆ ಅವ್ಳೆ," ಅಂದರು ಅತ್ತೆ.

"ನಡಿ ಕೆಳೀಕೆ. ನಾಕ್ ಜನ ನೋಡ್ತಾವ್ರೆ."

"ನೋಡ್ಲಿ. ನಾನೂ ನೋಡಕ್ಕೇ ಬಂದಿರಾದು."

"ನಡೀತೀಯೋ ಇಲ್ವೋ?"

"ಇಲ್ಲ."

ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಬಹುಶಃ ಮಾವನವರೂ ಅದೇ ಮೊದಲು ಕೇಳಿದ್ದು. ಆಮೇಲೆ ಏಣಿಯ ಮೇಲೆ ಮಾವನವರ ಭಾರವಾದ ಹೆಜ್ಜೆ ಇಳಿದು ಬಂತು. ನಾನು ಗಡಬಡಿಸಿ ಎದ್ದೆ. ಅತ್ತೆ ಸರಿಸಿ ಹೋಗಿದ್ದ ಜಮಖಾನವನ್ನು ಎಳೆದು ಗಂಟು ಹಾಕಿ, ತಲೆಯ ಮೇಲೆ ಸೆರಗು ಹೊದ್ದು, ಬಿಂದಿಗೆಗಳ ಪಕ್ಕದಲ್ಲಿ ಕೂತೆ. ಅವರು ಇಣುಕಿ ನೋಡಿದರು. ಎಲ್ಲ ಇದ್ದ ಹಾಗೇ ಇತ್ತು. ಮುಖದ ಸಿಟ್ಟು ಇಳಿಯಿತು.

"ಭೇಷ್. ಮನೆ ಮರ್ಯಾದೆ ಉಳ್ಸಿದೋಳು ನೀನೊಬ್ಳು ಕಣವ್ವ," ಅಂದರು.

ನನಗೆ ಖುಷಿಯಾಯಿತು. ಇದನ್ನು ಬರೆಯಲು ಕೈ ಹೇಸುತ್ತದೆ, ಆದರೆ ಖುಷಿಯಾದದ್ದು ನಿಜ. ಅಷ್ಟು ಹೊತ್ತೂ ಆ ಮೂವರನ್ನೂ ಮನಸ್ಸಿನಲ್ಲಿ ಬಾಯಿಗೆ ಬಂದ ಹಾಗೆ ಬೈದುಕೊಂಡು ಕೂತಿದ್ದವಳು, ಒಂದು ಭೇಷ್ ಸಿಕ್ಕಿದ್ದೇ ತಡ, ತಲೆ ತಗ್ಗಿಸಿ ನಾಚಿಕೊಂಡೆ.

ಅತ್ತೆ ಊಟಕ್ಕೂ ಇಳಿಯಲಿಲ್ಲ. ಬೆಳಗಿನಿಂದ ಹೊತ್ತು ಮುಳುಗುವವರೆಗೂ ಮೇಲೆಯೇ ನಿಂತಿದ್ದರು. ಇಳಿದು ಬಂದಾಗ ತಲೆಗೂದಲೆಲ್ಲ ಕೆದರಿತ್ತು, ಉಪ್ಪುಗಾಳಿಗೆ ತುಟಿ ಒಡೆದಿತ್ತು, ಕಣ್ಣು ಕೆಂಪಾಗಿತ್ತು. ಬಿಂದಿಗೆಗಳಿಗೆ ಬೆನ್ನು ಹಾಕಿ ಮಲಗಿ ಒಳ್ಳೆಯ ನಿದ್ದೆ ಮಾಡಿದರು.

ಬೊಂಬಾಯಿಯಲ್ಲಿ ಇಳಿದಾಗ ಇನ್ನೂ ಎರಡು ಬಿಂದಿಗೆ ತುಂಬಿದ್ದೇ ಇದ್ದವು. ಛತ್ರದಲ್ಲಿ ನಲ್ಲಿ ತಿರುಗಿಸಿದರೆ ಧೋ ಎಂದು ನೀರು. ಮಾವನವರು ಅದನ್ನೇ ನೋಡುತ್ತ ನಿಂತರು. ಬಿಂದಿಗೆ ಹೊತ್ತು ಮೆಟ್ಟಿಲು ಹತ್ತಿಸುವ ಕಷ್ಟ ನೋಡಿ, "ಪಟ್ಣದಲ್ಲಿ ನಡೀತದೆ," ಅಂದರು. ನಲ್ಲಿ ನೀರಿನಲ್ಲೇ ಪೂಜೆಯಾಯಿತು. ನಾನು ಎರಡು ಹಗಲು ಕಣ್ಣು ಮಿಟುಕಿಸದೆ ಕಾದ ಹೇಮಾವತಿಯಲ್ಲಿ ಅರಕಲಗೂಡಿನವರು ಕಾಲು ತೊಳೆದುಕೊಂಡರು.

ಊರಿಗೆ ಬಂದ ಮೇಲೆ ಮಾವನವರ ದರ್ಬಾರು ಶುರುವಾಯಿತು. ಹಾಸನದ ಜಮೀನುದಾರರು ಹೇಳಿದ್ದ ಬೆಟ್ಟ, ಅವರು ಹೇಳಿದ್ದ ಎರಡು ಬಣ್ಣದ ನೀರು, ಒಂದನ್ನೂ ಬಿಡದೆ ತಾವು ನೋಡಿದ್ದೆಂದು ಹೇಳಿದರು. ಚನ್ನರಾಯಪಟ್ಟಣದಲ್ಲಿ ಹೇಳಿದರು, ಅರಕಲಗೂಡಿನಲ್ಲಿ ಹೇಳಿದರು, ನಾಚಿಕೆ ಇಲ್ಲದೆ ಹಾಸನದಲ್ಲೂ ಹೇಳಿದರು. ಕಥೆಯ ಕೊನೆಗೆ ಬರುತ್ತಿದ್ದವಳು ನಾನು. "ಸಮುದ್ರ ಪಕ್ಕದಲ್ಲೇ ಇದ್ರೂ ತಲೆ ಎತ್ತಿ ನೋಡ್ಲಿಲ್ಲ ಕಣ್ರಪ್ಪ. ಸೊಸೆ ಅಂದ್ರೆ ಇವ್ಳು." ಹೆಂಗಸರು ತಮ್ಮ ಹೆಣ್ಣುಮಕ್ಕಳಿಗೆ ನನ್ನನ್ನು ತೋರಿಸುತ್ತಿದ್ದರು. ಅತ್ತೆ ಏನೂ ಕೇಳಿಸದವರ ಹಾಗೆ ಬಡಿಸಿಕೊಂಡು ಹೋಗುತ್ತಿದ್ದರು. ಗೆದ್ದವರು ಅವರು. ಹೊಗಳಿಕೆ ಮಾತ್ರ ನನ್ನದು.

ಅವರು ಏನು ನೋಡಿದರು ಎಂದು ಕೇಳಲು ನನಗೆ ಎಷ್ಟೋ ವರ್ಷ ಬಾಯಿ ಬರಲಿಲ್ಲ. ಯುದ್ಧ ಬಂತು, ಹೋಯಿತು. ಮಾವನವರೂ ತೀರಿಕೊಂಡರು. ಒಂದು ಮಧ್ಯಾಹ್ನ ಹಿತ್ತಲಿನಲ್ಲಿ ಇಬ್ಬರೇ ಕೂತು ಅವರೆಕಾಯಿ ಬಿಡಿಸುತ್ತಿದ್ದೆವು. ಕೇಳಿದೆ.

"ಅತ್ತೆಮ್ಮ, ಅವತ್ತು ಹಡಗಲ್ಲಿ ಮ್ಯಾಕೋಗಿ ಏನೇನ್ ನೋಡುದ್ರಿ? ಯೇಳಿ, ಕೇಳ್ತೀನಿ."

ಅವರ ಕೈ ನಿಲ್ಲಲಿಲ್ಲ. ಇನ್ನೂ ನಾಲ್ಕು ಕಾಯಿ ಬಿಡಿಸಿದರು. ಮುಖದಲ್ಲಿ ಕೋಪವೇನೂ ಇರಲಿಲ್ಲ.

"ನಾ ಕರುದ್ನಲ್ಲವ್ವ," ಅಂದರು.