ಕೊನೆಯ ಎಂಬತ್ತು ಮೀಟರ್

ಪುಂಜಾಲಕಟ್ಟೆ ಹತ್ತಿರದ ಹೈಸ್ಕೂಲೊಂದರಲ್ಲಿ ಫಾಹಿಮಾ ಆಟದ ಟೀಚರು. ಸೋತು ಬಂದ ಮಕ್ಕಳನ್ನು ಅವಳು ಎಂದೂ ಗದರಿದವಳಲ್ಲ. ನೀರು ಕೊಟ್ಟು, ಬೆನ್ನು ತಟ್ಟಿ, ನಾಳೆ ಬಾ ಎನ್ನುತ್ತಾಳೆ. ಆದರೆ ಗೆಳತಿಗೋಸ್ಕರ ಯಾರಾದರೂ ಬೇಕೆಂದೇ ಹಿಂದೆ ಬಿದ್ದರೆ ಅವಳು ಸಹಿಸುವುದಿಲ್ಲ. ಕಳೆದ ಡಿಸೆಂಬರಿನಲ್ಲಿ ಇಬ್ಬರು ಹುಡುಗಿಯರು ಕೈ ಕೈ ಹಿಡಿದು ಒಟ್ಟಿಗೇ ಗೆರೆ ದಾಟಿದಾಗ ಮೈದಾನವೆಲ್ಲ ಚಪ್ಪಾಳೆ ತಟ್ಟಿತು. ಫಾಹಿಮಾ ಮಾತ್ರ ಆ ಓಟವನ್ನು ಇನ್ನೊಮ್ಮೆ ಓಡಿಸಿದಳು. ಎಂಥ ಕಲ್ಲು ಮನಸ್ಸು ಈ ಟೀಚರದ್ದು ಎಂದು ಹೆತ್ತವರು ಆಡಿಕೊಂಡರು.

ಅದು ಕಲ್ಲಲ್ಲ, ಹಳೆಯ ಗಾಯ.

ಅವಳ ಊರು ಮಾಣಿ. ತಂದೆ ಇದಿನಬ್ಬರಿಗೆ ಅಲ್ಲಿ ಬಟ್ಟೆ ಅಂಗಡಿ. ಮಗಳ ಕಾಲು ಚುರುಕೆಂದು ಗೊತ್ತಾದ ಮೇಲೆ ಭಾನುವಾರ ಬಂದರೆ ಸಾಕು, ಅಂಗಡಿಗೆ ಬೀಗ ಹಾಕಿ, ಬೈಕಿನ ಹಿಂದೆ ಕೂರಿಸಿಕೊಂಡು ಓಟ ಇದ್ದಲ್ಲಿಗೆಲ್ಲ ಕರೆದೊಯ್ಯುತ್ತಿದ್ದರು. ಪಿಯುಸಿ ಮುಗಿದ ಮೇಲೆ ಮೂಡುಬಿದಿರೆಯ ಒಂದು ಕಾಲೇಜಿನ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತು. ಅದೇ ಕೋಣೆಗೆ ಬಂದವಳು ಬೆಳ್ತಂಗಡಿ ಕಡೆಯ ಸಾತ್ವಿಕಾ. ಇಬ್ಬರದೂ ಸಾವಿರದೈನೂರು ಮೀಟರ್. ಬೆಳಗ್ಗೆ ಐದಕ್ಕೆ ಒಬ್ಬಳು ಏಳದಿದ್ದರೆ ಇನ್ನೊಬ್ಬಳು ಮುಖಕ್ಕೆ ನೀರು ಚಿಮುಕಿಸುತ್ತಿದ್ದಳು. ಹೆಚ್ಚಿನ ಓಟಗಳಲ್ಲಿ ಫಾಹಿಮಾ ಒಂದು ಹೆಜ್ಜೆ ಮುಂದೆ, ಸಾತ್ವಿಕಾ ಅವಳ ಬೆನ್ನಿಗೆ.

ಎರಡನೇ ವರ್ಷ ಒಂದು ಸುದ್ದಿ ಹಬ್ಬಿತು. ಮುಂದಿನ ವರ್ಷಕ್ಕೆ ಈ ಓಟದಲ್ಲಿ ಒಬ್ಬರಿಗೆ ಮಾತ್ರ ಉಚಿತ ಸೀಟಂತೆ. ಕ್ರೀಡಾಕೂಟದಲ್ಲಿ ಮೊದಲು ಬಂದವರಿಗೆ. ಸಾತ್ವಿಕಾಳಿಗೆ ಇದ್ದದ್ದು ತಾಯಿ ಕಾಂತಿ ಒಬ್ಬರೇ. ಸೀಟು ಹೋದರೆ ಓದೂ ಹೋಯಿತು. ಅವಳು ಏನನ್ನೂ ಹೇಳಿಕೊಳ್ಳಲಿಲ್ಲ, ಆದರೆ ಆ ವಾರ ಸರಿಯಾಗಿ ಉಣ್ಣಲಿಲ್ಲ. ಫಾಹಿಮಾ ಮನಸ್ಸಿನಲ್ಲೇ ತೀರ್ಮಾನಿಸಿದಳು: ನನ್ನ ಫೀಸು ಅಪ್ಪ ಹೇಗೂ ಕಟ್ಟಿಯಾರು, ಇವಳದ್ದು ಯಾರು ಕಟ್ಟಬೇಕು?

ಓಟದ ದಿನ ಕೊನೆಯ ಸುತ್ತಿನ ಗಂಟೆ ಹೊಡೆದಾಗ ಇಬ್ಬರೇ ಮುಂದಿದ್ದರು. ತಿರುವು ಕಳೆದು ನೇರ ದಾರಿಗೆ ಬಂದಾಗ ಸಾತ್ವಿಕಾಳ ಉಸಿರು ಕಿವಿಯ ಪಕ್ಕದಲ್ಲೇ ಕೇಳಿತು. ಇನ್ನು ಎಂಬತ್ತು ಮೀಟರ್. ಫಾಹಿಮಾ ಒಮ್ಮೆ ಹಿಂದೆ ನೋಡಿದಳು, ಹೆಜ್ಜೆ ಗಿಡ್ಡ ಮಾಡಿದಳು. ಸಾತ್ವಿಕಾ ಬಾಣದಂತೆ ದಾಟಿಹೋದಳು. ನಾಲ್ಕು ನಿಮಿಷ ನಲವತ್ತಾರು ಸೆಕೆಂಡು! ಫಾಹಿಮಾ ಕೂಡ ಅಷ್ಟು ವೇಗವಾಗಿ ಎಂದೂ ಓಡಿರಲಿಲ್ಲ. ಗೆದ್ದವಳು ಓಡಿಬಂದು ತಬ್ಬಿಕೊಂಡು ಗಳಗಳನೆ ಅತ್ತಳು. ಫಾಹಿಮಾಳಿಗೆ ಆಗ ತಾನೊಂದು ದೊಡ್ಡ ಪುಣ್ಯ ಕಟ್ಟಿಕೊಂಡ ಹಾಗೆ ಅನಿಸಿತ್ತು.

ಮೂರನೇ ದಿನ ಹಿರಿಯ ಓಟಗಾರ ರಂಜಿತ್ ತನ್ನ ಫೋನಿನಲ್ಲಿ ತೆಗೆದ ಓಟದ ವಿಡಿಯೋವನ್ನು ಎಲ್ಲರಿಗೂ ಕಳಿಸಿದ. ಫಾಹಿಮಾ ಹಿಂದೆ ನೋಡಿ ಹೆಜ್ಜೆ ಗಿಡ್ಡ ಮಾಡಿದ್ದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಸಂಜೆ ಸಾತ್ವಿಕಾ ಕೋಣೆಗೆ ಬಂದು ಬಾಗಿಲು ಹಾಕಿದಳು.

"ನೀನು ನಿಧಾನ ಮಾಡಿದ್ದಾ?"

"ಕಾಲು ಹಿಡ್ಕೊಂಡಿತು ಮಾರಾಯ್ತಿ."

"ನನ್ನ ಮುಖ ನೋಡಿ ಹೇಳು."

ಫಾಹಿಮಾ ತಲೆ ತಗ್ಗಿಸಿದಳು. "ಸೀಟು ನಿನಗೆ ಬೇಕಿತ್ತಲ್ಲ."

"ನಾನು ನಿನ್ನ ಹತ್ರ ಕೇಳಿದ್ದೆನಾ? ಎರಡು ವರ್ಷ ನಿನ್ನ ಬೆನ್ನು ನೋಡಿಕೊಂಡೇ ಓಡಿದ್ದೇನೆ. ಅವತ್ತು ನನ್ನ ಕಾಲಲ್ಲಿ ಶಕ್ತಿ ಉಂಟು ಅಂತ ನನಗೆ ಗೊತ್ತಿತ್ತು. ನೀನು ನನ್ನನ್ನು ಭಿಕ್ಷುಕಿ ಮಾಡಿಬಿಟ್ಟೆ."

ಮರುದಿನವೇ ಅವಳು ಬೇರೆ ಕೋಣೆಗೆ ಹೋದಳು. ಆ ವರ್ಷದ ಪರೀಕ್ಷೆ ಮುಗಿಸಿ ಹಾಸ್ಟೆಲನ್ನೇ ಬಿಟ್ಟಳು, ಓಟವನ್ನೂ ಬಿಟ್ಟಳು. ಖಾಲಿಯಾದ ಸೀಟು ಫಾಹಿಮಾಳಿಗೇ ಬಂತು. ಬೇಡವೆನ್ನುವ ಧೈರ್ಯ ಅವಳಿಗೆ ಬರಲಿಲ್ಲ. ಮುಂದೆ ಒಂದು ವರ್ಷ ಓಡಿದಳು. ಸಾತ್ವಿಕಾಳ ಆ ನಾಲ್ಕು ನಿಮಿಷ ನಲವತ್ತಾರು ಅವಳ ಕೈಗೆ ಸಿಗಲೇ ಇಲ್ಲ.

ಎದುರಾಳಿಗೆ ಕೊಡಬಹುದಾದ ಮರ್ಯಾದೆಯೆಂದರೆ ತನ್ನ ಪೂರ್ತಿ ಓಟ, ಅದಕ್ಕಿಂತ ಒಂದು ಹೆಜ್ಜೆಯೂ ಕಡಿಮೆಯಲ್ಲ. ಈ ಮಾತನ್ನು ಅವಳು ಯಾವ ತರಬೇತಿಯಲ್ಲೂ ಕಲಿತದ್ದಲ್ಲ. ಗೆಳತಿಯೊಬ್ಬಳನ್ನು ಕಳಕೊಂಡು ಕಲಿತದ್ದು.

ಕಲ್ಲು ಮನಸ್ಸೆಂಬ ಆ ಹೆತ್ತವರ ಮಾತು ಕಿವಿಗೆ ಬಿದ್ದ ಮೇಲೆ ಅವಳಿಗೆ ಸುಮ್ಮನಿರಲಾಗಲಿಲ್ಲ. ಹತ್ತು ವರ್ಷಗಳ ನಂತರ, ಒಂದು ಭಾನುವಾರ, ವಿಳಾಸ ವಿಚಾರಿಸಿಕೊಂಡು ಬೆಳ್ತಂಗಡಿ ಹತ್ತಿರದ ಲಾಯಿಲಕ್ಕೆ, ಸಾತ್ವಿಕಾಳ ಮನೆಗೆ ಹೋದಳು. ಸಾತ್ವಿಕಾ ಈಗ ಒಂದು ಸಹಕಾರಿ ಸಂಘದಲ್ಲಿ ಕೆಲಸಕ್ಕಿದ್ದಾಳೆ. ನಾಲ್ಕು ವರ್ಷದ ಮಗಳಿದ್ದಾಳೆ. ಬಾಗಿಲು ತೆರೆದವಳು "ಒಳಗೆ ಬಾ" ಎಂದಳು. ಪುನರ್ಪುಳಿ ಶರಬತ್ತು ತಂದಿಟ್ಟಳು.

"ತಪ್ಪಾಯ್ತು ಸಾತ್ವಿಕಾ. ಆವಾಗಲೇ ಹೇಳಬೇಕಿತ್ತು."

"ನಿನ್ನ ಮೇಲೆ ಈಗ ಕೋಪ ಎಂತದ್ದೂ ಇಲ್ಲ. ನೀನು ಒಳ್ಳೇದಕ್ಕೇ ಮಾಡಿದ್ದು, ಅಷ್ಟು ಗೊತ್ತಿಲ್ವಾ ನನಗೆ?" ಸಾತ್ವಿಕಾ ಮಗಳ ಜಡೆ ಬಿಚ್ಚುತ್ತಾ ಹೇಳಿದಳು. "ಆದ್ರೆ ಅವತ್ತು ನಾನು ನಿನ್ನನ್ನು ಸೋಲಿಸ್ತಿದ್ದೆನಾ ಇಲ್ವಾ? ಅದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ನಿನಗೂ ಗೊತ್ತಿಲ್ಲ."

"ಇಲ್ಲ," ಎಂದಳು ಫಾಹಿಮಾ.

"ಸೋತಿದ್ರೆ ನಾನು ಓಡುವುದು ಬಿಡ್ತಿರಲಿಲ್ಲ."

ಶರಬತ್ತಿನ ಲೋಟ ಹಾಗೇ ಉಳಿಯಿತು.

ಆಮೇಲೂ ಅವಳು ಎರಡು ಸಲ ಲಾಯಿಲಕ್ಕೆ ಹೋಗಿಬಂದಿದ್ದಾಳೆ. ಮಗಳ ಶಾಲೆ, ಕಾಂತಿಯಮ್ಮನ ಮಂಡಿನೋವು, ಬಸ್ಸಿನ ರಶ್ಶು ಎಂದು ಇಬ್ಬರೂ ಚೆನ್ನಾಗಿಯೇ ಮಾತಾಡುತ್ತಾರೆ. ಓಟದ ಮಾತನ್ನು ಮಾತ್ರ ಇಬ್ಬರೂ ಎತ್ತುವುದಿಲ್ಲ.