ಮೀನುಗಿಡುಗನ ಮರಿಗೊಂದು ಬಂಗುಡೆ

ಈ ಜನ್ಮದಲ್ಲಿ ನಾನು ಕೊಂಡಿರುವ ಮೀನು ಒಂದೇ ಒಂದು. ಅದನ್ನು ನಾನೂ ತಿನ್ನಲಿಲ್ಲ, ಯಾರಿಗಾಗಿ ಕೊಂಡೆನೋ ಅವರೂ ತಿನ್ನಲಿಲ್ಲ. ನಮ್ಮ ಮನೆಯಲ್ಲಿ ಮೊಟ್ಟೆಯನ್ನು ಹೆಸರು ಹಿಡಿದು ಕರೆದವರೂ ಇಲ್ಲ. ಜಪಾನಿಗೆ ಬಂದ ಮೇಲೆ ನಾನು ಕಲಿತ ಮೊದಲ ಚಿತ್ರಾಕ್ಷರವೇ ‘ಮೀನು’. ಚಿಪ್ಸ್ ಪೊಟ್ಟಣದಿಂದ ಸಾರಿನ ಪುಡಿಯವರೆಗೆ ಅದು ಎಲ್ಲೆಲ್ಲಿ ಅಡಗಿದೆಯೋ ಅಲ್ಲೆಲ್ಲ ಪತ್ತೆ ಹಚ್ಚಿ ದೂರ ಇಡುವುದಕ್ಕಾಗಿ. ಅಂಥವನು ಒಂದು ಭಾನುವಾರ ಇಡೀ ಬಂಗುಡೆಯನ್ನು ಚೀಲದಲ್ಲಿಟ್ಟುಕೊಂಡು ರೈಲು ಹತ್ತಿದ್ದು ಯಾಕೆಂದು ಹೇಳಬೇಕಾದರೆ, ಮೊದಲು ನನ್ನ ಉದ್ಯೋಗದ ವಿಷಯ ಹೇಳಬೇಕು.

ನನ್ನ ಹೆಂಡತಿ ಸೆಂಡಾಯ್‌ನ ವಿಶ್ವವಿದ್ಯಾಲಯದಲ್ಲಿ ಸಂಶೋಧಕಿ. ನಾನು? ಮೈಸೂರಿನಿಂದ ಫೋನು ಮಾಡುವವರೆಲ್ಲ ಕೇಳುತ್ತಾರೆ, “ನೀನೇನ್ ಮಾಡ್ತಿದೀಯಾ ಅಲ್ಲಿ?” “ಮಗಳನ್ನ ನೋಡ್ಕೋತಿದೀನಿ” ಎನ್ನುತ್ತೇನೆ. ಆ ಕಡೆಯಿಂದ, “ಅದು ಸರಿ, ಮತ್ತೆ?” ಈ ‘ಮತ್ತೆ’ಗೆ ನನ್ನ ಬಳಿ ಉತ್ತರವಿಲ್ಲ. ನಿಜ ಹೇಳಬೇಕೆಂದರೆ ಮೊದಲ ಉತ್ತರವೂ ಅರ್ಧ ಸುಳ್ಳು. ಇಲ್ಲಿ ಮಕ್ಕಳು ಒಂದನೆಯ ಕ್ಲಾಸಿನಿಂದಲೇ ಶಾಲೆಗೆ ತಾವೇ ನಡೆದುಹೋಗುತ್ತಾರೆ. ಎಂಟು ವರ್ಷದ ಚಿನ್ಮಯಿ ತನಗಿಂತ ದಪ್ಪದ ಚೀಲವನ್ನು ಬೆನ್ನಿಗೇರಿಸಿ ಹೊರಟರೆ ತಿರುಗಿ ನೋಡುವವಳಲ್ಲ. ಮೊದಮೊದಲು ನಾನು ಗುಟ್ಟಾಗಿ ಹಿಂದೆ ಹೋಗುತ್ತಿದ್ದೆ. ಆದರೆ ಆರಡಿ ಎತ್ತರದ ಮೀಸೆಯ ಮನುಷ್ಯ ಸೆಂಡಾಯ್‌ನ ಬೀದಿಯಲ್ಲಿ ವಿದ್ಯುತ್ ಕಂಬದ ಹಿಂದೆ ಗುಟ್ಟಾಗಿರುವುದು ಅಷ್ಟು ಸುಲಭವಲ್ಲ. “ಅಪ್ಪಾ ಪ್ಲೀಸ್, ಇಟ್ಸ್ ಎಂಬ್ಯಾರಸಿಂಗ್” ಎಂದು ಅವಳೇ ಹೇಳಿದ ಮೇಲೆ ನನ್ನ ಬೆಳಗುಗಳು ಖಾಲಿಯಾದವು. ಹಳೆಯದೊಂದು ಕ್ಯಾಮೆರಾ, ಅದಕ್ಕಿಂತ ಹಳೆಯದೊಂದು ಉದ್ದನೆಯ ಲೆನ್ಸು ಕೊಂಡು ಕಡಲ ಕಡೆಗೆ ಹೋಗತೊಡಗಿದೆ. ಹಿಂದೆ ಬೀಳುವ ಚಟ ಹೋಗಲಿಲ್ಲ, ಆಸಾಮಿ ಮಾತ್ರ ಬದಲಾಯಿತು.

ಅಲ್ಲಿ ದಡದಿಂದ ತುಸು ದೂರದಲ್ಲಿ ಒಂದು ದೊಡ್ಡ ಬಂಡೆ, ಬಂಡೆಯ ನೆತ್ತಿಯಲ್ಲಿ ಸೊಟ್ಟಗೆ ನಿಂತ ಪೈನ್ ಮರ, ಮರದ ತುದಿಯಲ್ಲಿ ಸೌದೆ ಒಟ್ಟಿದ ಹಾಗೆ ಒಂದು ಗೂಡು. ಗೂಡಿನ ಒಡೆಯರು ಮೀನುಗಿಡುಗ ದಂಪತಿ; ಜಪಾನೀಯರು ‘ಮಿಸಾಗೊ’ ಎನ್ನುತ್ತಾರೆ. ಚಳಿಗಾಲದಲ್ಲಿ ನಮ್ಮ ಕಡೆಯ ಕೆರೆಗಳಿಗೂ ಬರುವ ಹಕ್ಕಿಯೇ ಇದು. ಅಲ್ಲಿದ್ದಷ್ಟು ವರ್ಷ ನಾನು ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ ಅಷ್ಟೆ. ಕಡಲು ಇಳಿದಾಗ ಬಂಡೆಯ ಬುಡದವರೆಗೆ ಕಲ್ಲುಗಳ ಮೇಲೆ ನಡೆದೇ ಹೋಗಬಹುದು. ಆದರೆ ಯಾರೂ ಹೋಗುವುದಿಲ್ಲ. ದಡದ ಕಾಂಕ್ರೀಟ್ ಗೋಡೆಯ ಹಿಂದೆ ನಾಲ್ಕಾರು ನಿವೃತ್ತರು ಟ್ರೈಪಾಡ್ ಹೂಡಿಕೊಂಡು, ಮದುವೆಗೆ ಬಂದು ಊಟದ ಪಂಕ್ತಿಗೆ ಕಾಯುವವರ ಹಾಗೆ ಸುಮ್ಮನೆ ಕೂತಿರುತ್ತಾರೆ. ಅವರಲ್ಲಿ ಹಿರಿಯರು ಮೋರಿ ಸಾನ್. ಅವರ ಭಾಷೆಯಲ್ಲಿ ಮೋರಿ ಎಂದರೆ ಕಾಡು. ನಮ್ಮ ಭಾಷೆಯಲ್ಲಿ ಏನೆಂದು ನಾನಿನ್ನೂ ಅವರಿಗೆ ಹೇಳಿಲ್ಲ.

ಮೋರಿ ಸಾನ್ ನನಗೆ ಮಿಸಾಗೊ ಪುರಾಣ ಹೇಳಿದರು. ಈ ಹಕ್ಕಿ ಹಿಡಿದ ಮೀನನ್ನು ಬಂಡೆಯ ಸಂದಿಯಲ್ಲಿ ಬಚ್ಚಿಡುತ್ತದಂತೆ, ಅಲೆಯ ಉಪ್ಪುನೀರು ಬಿದ್ದು ಅದು ಹುಳಿ ಬರುತ್ತದಂತೆ, ಅದನ್ನು ಕದ್ದು ತಿಂದ ಮನುಷ್ಯ ರುಚಿಗೆ ಮರುಳಾಗಿ ಸುಶಿ ಮಾಡುವುದನ್ನು ಕಲಿತನಂತೆ. ಅವರೇನೂ ಇದನ್ನು ನಂಬಿರಲಿಲ್ಲ. ನನಗೆ ಮಾತ್ರ ಕಥೆ ಹಿಡಿಸಿತು. ಹಿಂದಿನ ರಾತ್ರಿಯ ಹಿಟ್ಟು ಹುಳಿ ಬಂದದ್ದರಿಂದಲೇ ಬೆಳೆದ ಜನ ನಾವು. ಹುಳಿಯ ಮಹಿಮೆಯನ್ನು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ನನ್ನ ಫೋಟೋಗಳ ಮಾತು ಬೇರೆ. ಹಕ್ಕಿ ಹಾರಿಹೋದ ಮೇಲಿನ ಜಾಗವನ್ನು ಹಿಡಿಯುವುದರಲ್ಲಿ ನಾನು ನಿಪುಣ. ಕ್ಯಾಮೆರಾದ ಪರದೆಯನ್ನು ತೋರಿಸಿದಾಗಲೆಲ್ಲ ಮೋರಿ ಸಾನ್ ತುಂಬ ಹೊತ್ತು ನೋಡಿ, “ಆಕಾಶ ಚೆನ್ನಾಗಿ ಬಂದಿದೆ” ಎನ್ನುತ್ತಿದ್ದರು.

ಜೂನ್ ಹೊತ್ತಿಗೆ ಗೂಡಿನ ಅಂಚಿನಲ್ಲಿ ಮೂರು ತಲೆ ಕಾಣಿಸಿದವು. ಎರಡು ದಪ್ಪ, ಒಂದು ಸಣ್ಣ. ಈ ಹಕ್ಕಿಗಳ ಮೊಟ್ಟೆಗಳು ಒಟ್ಟಿಗೇ ಒಡೆಯುವುದಿಲ್ಲ. ಮೊದಲು ಬಂದದ್ದು ಮೊದಲು ತಿಂದು ಬಲಿಯುತ್ತದೆ, ಕೊನೆಗೆ ಬಂದದ್ದು ಕೊನೆಗೆ ತಿನ್ನುತ್ತದೆ, ಮಿಕ್ಕಿದ್ದರೆ. ನಾನೂ ಮೂರು ಜನ ಗಂಡುಮಕ್ಕಳಲ್ಲಿ ಮೂರನೆಯವನು. ಅಣ್ಣಂದಿರಿಬ್ಬರ ಪಕ್ಕದಲ್ಲಿ ತಟ್ಟೆ ಹಿಡಿದು ದೋಸೆಗೆ ಕಾದವನು. ನನ್ನ ಸರದಿ ಬರುವಾಗ ಅಮ್ಮ ಪಾತ್ರೆಯ ತಳ ಬಳಿಯುತ್ತಿದ್ದಳು. ಹಾಗಾಗಿ ನನ್ನ ಲೆನ್ಸು ಆ ಸಣ್ಣದರ ಮೇಲೇ ನಿಂತಿತು. ಅದು ಬದುಕಬೇಕು ಎಂಬ ಹಟ ನನಗೆ ಯಾವಾಗ ಹುಟ್ಟಿತೋ ಗೊತ್ತಿಲ್ಲ. ಅದಕ್ಕೆ ‘ಪುಟ್ಟ’ ಎಂದು ಹೆಸರಿಟ್ಟೆ. ಫೋಟೋ ಕಳಿಸಿದರೆ ಅಮ್ಮ ಫೋನಿನಲ್ಲಿ ಗದರಿದಳು: “ಎಳೇ ಮಕ್ಕಳನ್ನ ದಿನಾ ಹಾಗೆ ದುರುಗುಟ್ಕೊಂಡು ನೋಡ್ಬಾರ್ದು ಕಣೋ, ದೃಷ್ಟಿ ಆಗತ್ತೆ. ಅದೂ ಅಷ್ಟುದ್ದ ಕೊಳವೆ ಹಾಕ್ಕೊಂಡು.”

ಅಮ್ಮನ ಮಾತು ನಿಜವಾಯಿತು, ಬಾಯಿಗೆ ಸಕ್ಕರೆ ಹಾಕುವಂಥ ಮಾತಾಗಿರಲಿಲ್ಲ ಅಷ್ಟೆ. ಮಳೆಗಾಲ ಹಿಡಿಯಿತು. ಕಡಲು ಕದಡಿ ಮಣ್ಣುಬಣ್ಣವಾಯಿತು. ಮೀನು ತರುವುದು ಗಂಡುಹಕ್ಕಿಯ ಕೆಲಸ. ಅದು ಹೋಗುವುದು, ಬರಿಗಾಲಲ್ಲಿ ಬರುವುದು. ತಾಯಿ ರೆಕ್ಕೆ ಹರಡಿ ಮರಿಗಳಿಗೆ ಕೊಡೆಯಾಗಿ ಕೂತಿತ್ತು. ಆ ಶನಿವಾರ ಅದು ಮಗ್ಗುಲು ಬದಲಿಸಿದಾಗ ಎರಡು ತಲೆಗಳು ಎದ್ದವು, ಪುಟ್ಟ ಏಳಲಿಲ್ಲ. ಕೊಕ್ಕನ್ನು ಸೌದೆಯ ಮೇಲಿಟ್ಟು ಮಲಗಿತ್ತು.

ಮನೆಗೆ ಬರುವ ದಾರಿಯಲ್ಲಿ ಸೂಪರ್ ಮಾರ್ಕೆಟ್ಟಿಗೆ ನುಗ್ಗಿ, ವರ್ಷಗಟ್ಟಲೆ ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಸಾಲಿನಲ್ಲಿ ನಿಂತು ಬಂಗುಡೆ ಕೊಂಡೆ. ಹೆಂಡತಿ ಫ್ರಿಜ್ ತೆಗೆದು ನೋಡಿ, ಮುಚ್ಚಿ, “ನಿಂಗೆ ಹುಷಾರಿದೆ ತಾನೆ?” ಎಂದಳು.

ಮರುದಿನ ಚಿನ್ಮಯಿಯನ್ನೂ ಕರೆದುಕೊಂಡು ಹೋದೆ. ಜಿಟಿಜಿಟಿ ಮಳೆ. ಕಡಲು ಇಳಿದಿತ್ತು. ಬಂಗುಡೆ ತೋರಿಸಿ ನನ್ನ ಮುರುಕು ಜಪಾನಿಯಲ್ಲಿ ಮೋರಿ ಸಾನ್‌ರನ್ನು ಕೇಳಿದೆ, ಇದನ್ನು ಬಂಡೆಯ ಬುಡದಲ್ಲಿ ಇಟ್ಟು ಬರಲೇ? ಅವರು ತಲೆ ಓರೆ ಮಾಡಿ, ಹಲ್ಲಿನ ಸಂದಿಯಿಂದ ಉಸಿರೆಳೆದು, “ಚೊತ್ತೋ…” ಎಂದರು.

ಚೊತ್ತೋ ಎಂದರೆ ‘ಸ್ವಲ್ಪ’. ಪಾಠಪುಸ್ತಕದಲ್ಲಿ ಹಾಗೇ ಇದೆ. ಸ್ವಲ್ಪ ದೂರ ಹೋದರೆ ತೊಂದರೆಯಿಲ್ಲ ಎಂದು ತಿಳಿದು ನಾನು ಗೋಡೆ ದಾಟಿ ಕಲ್ಲುಗಳ ಮೇಲೆ ನಡೆದೆ.

ಹತ್ತು ಹೆಜ್ಜೆ ಇಟ್ಟಿರಲಿಕ್ಕಿಲ್ಲ, ತಾಯಿಹಕ್ಕಿ ಕಿರುಚುತ್ತ ಗೂಡಿನಿಂದ ಎದ್ದಿತು. ಮರಿಗಳು ಮಳೆಗೆ ತೆರೆದುಕೊಂಡವು. “ಅಪ್ಪಾ! ಚೊತ್ತೋ ಅಂದ್ರೆ ನೋ ಅಂತ! ವಾಪಸ್ ಬಾ!” ಎಂದು ಹಿಂದಿನಿಂದ ಚಿನ್ಮಯಿ ಕೂಗಿದಳು. ಗಾಬರಿಯಲ್ಲಿ ತಿರುಗಿದೆ. ಅಷ್ಟರಲ್ಲಿ ಎಲ್ಲಿತ್ತೋ ಒಂದು ಹದ್ದು, ಬೆನ್ನ ಹಿಂದಿನಿಂದ ಎರಗಿ ಕೈಯಲ್ಲಿದ್ದ ಬಂಗುಡೆಯನ್ನು ಕಿತ್ತುಕೊಂಡು ಹೋಯಿತು. ನನಗೆ ಉಳಿದದ್ದು ವಾಸನೆ.

ಗೋಡೆಯ ಹಿಂದೆ ಯಾರೂ ಒಂದು ಮಾತು ಆಡಲಿಲ್ಲ. ನಮ್ಮೂರಾಗಿದ್ದರೆ ನಾಲ್ಕು ಜನ ಬೈದು ನನ್ನ ಎದೆ ಹಗುರ ಮಾಡುತ್ತಿದ್ದರು. ನಾನು “ಸುಮಿಮಾಸೆನ್, ಸುಮಿಮಾಸೆನ್” ಎಂದು ಕ್ಷಮೆ ಕೇಳುತ್ತ ಗೂಡಿನ ಕಡೆ ನೋಡುತ್ತ ನಿಂತೆ. ತಾಯಿ ಸುತ್ತುತ್ತಲೇ ಇತ್ತು. ಪುಟ್ಟ ಸತ್ತರೆ ಅದು ಹಸಿವಿನಿಂದಲ್ಲ, ನನ್ನಿಂದ. ಕೊನೆಗೂ ತಾಯಿ ಇಳಿದು ರೆಕ್ಕೆ ಹರಡಿ ಕೂತ ಮೇಲೆ ಮೋರಿ ಸಾನ್ ಒಂದೇ ಪದ ಹೇಳಿದರು: “ಮಿಮಾಮೊರು.”

“ಹಾಗಂದ್ರೇನೇ?” ಎಂದೆ ಮಗಳಿಗೆ.

ಅವಳು ಕನ್ನಡಕ್ಕೆ ತಡಕಾಡಿದಳು. “ನೋಡ್ಕೊಳ್ಳೋದು… ಆದ್ರೆ ಟಚ್ ಮಾಡಲ್ಲ. ನಮ್ಮ ಸ್ಕೂಲ್ ರೋಡಲ್ಲಿ ಯೆಲ್ಲೋ ಫ್ಲ್ಯಾಗ್ ಹಿಡ್ಕೊಂಡು ತಾತ ನಿಂತಿರ್ತಾರಲ್ಲ? ನನ್ನ ಕೈ ಹಿಡಿಯಲ್ಲ. ಸುಮ್ನೆ ಇರ್ತಾರೆ. ಅದು.” ಆಮೇಲೆ ಸೇರಿಸಿದಳು, “ನೀನು ಪೋಲ್ ಹಿಂದೆ ನಿಂತಿದ್ದಲ್ಲ, ಅದಲ್ಲ.”

ರೈಲಿನಲ್ಲಿ ವಾಪಸಾಗುತ್ತ ಯೋಚಿಸಿದೆ. ನಮ್ಮ ‘ನೋಡಿಕೊಳ್ಳುವುದು’ ಎಂಬ ಮಾತಿನಲ್ಲಿ ಎರಡು ಕೆಲಸಗಳಿವೆ: ನೋಡುವುದು, ಕೊಳ್ಳುವುದು. ನಾನು ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಮಾತ್ರ ಮಾಡಿದ್ದೆ. ಅದೂ ಬಂಗುಡೆಯನ್ನು. ವ್ಯಾಕರಣ ಬಲ್ಲವರು ಒಪ್ಪಲಿಕ್ಕಿಲ್ಲ, ಆದರೆ ಅವರು ಆ ರೈಲಿನಲ್ಲಿ ನನ್ನ ಪಕ್ಕ ಕೂತಿರಲಿಲ್ಲ. ನಿಜ ಹೇಳಬೇಕೆಂದರೆ ಆ ವಾಸನೆಗೆ ಯಾರೂ ಕೂತಿರಲಿಲ್ಲ.

ಎರಡು ದಿನಕ್ಕೆ ಮಳೆ ಬಿಟ್ಟಿತು. ಗಂಡುಹಕ್ಕಿ ಒಂದರ ಹಿಂದೊಂದು ಮೀನು ತಂದಿತು. ದೊಡ್ಡವೆರಡು ತಿಂದು ತೇಗಿದ ಮೇಲೆ ಸೌದೆಯ ನಡುವಿನಿಂದ ಸಣ್ಣ ಕೊಕ್ಕೊಂದು ಎದ್ದು ಬಾಯಿ ತೆರೆಯಿತು. ನಾನು ಕ್ಲಿಕ್ಕಿಸಲಿಲ್ಲ. ಕನ್ನಡಕ ಮಂಜಾಗಿತ್ತು.

ಪುಟ್ಟ ಹಾರಿದ್ದು ಎಲ್ಲರಿಗಿಂತ ಕೊನೆಗೆ, ಜುಲೈಯಲ್ಲಿ, ಇಲ್ಲಿನ ಬೇಸಿಗೆ ರಜೆಗೆ ಮುಂಚಿನ ಒಂದು ಬೆಳಿಗ್ಗೆ. ನನ್ನ ಫೋಟೋದಲ್ಲಿ ಬಲಮೂಲೆಗೆ ಒಂದು ರೆಕ್ಕೆಯ ತುದಿ ಇದೆ. ಮೋರಿ ಸಾನ್ ತುಂಬ ಹೊತ್ತು ನೋಡಿ, ಆಕಾಶ ಚೆನ್ನಾಗಿ ಬಂದಿದೆ ಎಂದರು. ಅಮ್ಮನಿಗೆ ಕಳಿಸಿದೆ. “ಮರಿ ಎಲ್ಲೋ?” ಎಂದಳು. “ಹಾರಿಹೋಯ್ತಮ್ಮ.” “ಊಟಕ್ಕೆ?” ಅಮ್ಮ ಅಮ್ಮನೇ. ಹಾರಲು ಕಲಿತ ಮೇಲೂ ಕೆಲವು ವಾರ ಅವು ಊಟಕ್ಕೆ ಗೂಡಿಗೇ ಬರುತ್ತವೆ, ಅಪ್ಪ ಮೀನು ತಂದು ಇಟ್ಟಿರುತ್ತಾನೆ ಎಂದೆ. “ಮತ್ತೆ!” ಎಂದಳು, ಇದು ಗೊತ್ತಿರಲಿಲ್ಲವೇ ಎಂಬಂತೆ.

ಊರಿನವರ ‘ಮತ್ತೆ?’ಗೆ ಅಲ್ಲಿಯೇ ಉತ್ತರ ಸಿಕ್ಕಿತು. ಈಗ ಬೆಳಿಗ್ಗೆ ಚಿನ್ಮಯಿ ಹೊರಟಾಗ ಬಾಲ್ಕನಿಯಲ್ಲಿ ನಿಂತು ಬರಿದೇ ನೋಡುತ್ತೇನೆ. ಅವಳು ತಿರುಗುವುದಿಲ್ಲ, ತಿರುಗಲಿ ಎಂದು ನಾನೂ ಕಾಯುವುದಿಲ್ಲ. ಕಾಯುವುದಿಲ್ಲ ಎಂದೇ ಇಟ್ಟುಕೊಳ್ಳಿ. ಆದರೆ ಕಡಲ ಬಳಿ ಎಂಥ ಹಕ್ಕಿ ಬಂದಿದ್ದರೂ ಶಾಲೆ ಬಿಡುವ ಮೊದಲೇ ಕ್ಯಾಮೆರಾ ಚೀಲಕ್ಕೆ ಸೇರಿಸಿ ರೈಲು ಹತ್ತುತ್ತೇನೆ. ಬಾಗಿಲಲ್ಲಿ “ತದಾಯಿಮಾ, ಬಂದೆ” ಎಂಬ ಕೂಗು ಕೇಳುವ ಹೊತ್ತಿಗೆ ದೋಸೆಯ ಕಾವಲಿ ಕಾದಿರಬೇಕು.