ಪೊಟ್ಟಣ ಕಟ್ಟುವ ಭೀಮರಾಯಣ್ಣ

ಭೀಮರಾಯಣ್ಣ ರಿಪೇರಿ ಮಾಡಿದ ಯಾವ ರೇಡಿಯೋವೂ ಒಂಟಿಯಾಗಿ ಮನೆಗೆ ಹೋಗುತ್ತಿರಲಿಲ್ಲ. ಜೊತೆಗೆ ಹಳೆಯ ಪೇಪರಿನ ಒಂದು ಸಣ್ಣ ಪೊಟ್ಟಣ ಇರುತ್ತಿತ್ತು. ಅದರೊಳಗೆ ಸುಟ್ಟ ಕೆಪಾಸಿಟರೋ ತುಂಡಾದ ವೈರೋ, ಅಂತೂ ಅವರು ಕಿತ್ತು ತೆಗೆದ ಕೆಟ್ಟ ಭಾಗ. ಯಂಕಂಚಿಯ ರೈತನೊಬ್ಬನ ರೇಡಿಯೋದಲ್ಲಿ ಸತ್ತ ಜಿರಲೆ ಸಿಕ್ಕಾಗ ಅದನ್ನೂ ಅಷ್ಟೇ ಮರ್ಯಾದೆಯಿಂದ ಕಟ್ಟಿ ಕೊಟ್ಟಿದ್ದರು. ಆತ ಮುಖ ಸಿಂಡರಿಸಿದರೆ, "ನಿಮ್ಮ ಮಾಲು, ನೀವ ಒಯ್ರಿ. ನಾಳೆ ಭೀಮರಾಯ ಏನ್ ತಗದಾನ ಅಂತ ಯಾರರೆ ಕೇಳಿದ್ರ ತೋರಸಾಕ ಬೇಕಲ್ಲ?" ಎಂದರು.

ಸಿಂದಗಿಯಲ್ಲಿ ಅವರದು ಒಬ್ಬರೇ ಕೂರುವಷ್ಟು ಅಗಲದ ಅಂಗಡಿ. ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ, ಜೊತೆಗೆ ಮದುವೆ ಮುಂಜಿಗೆ ಬಾಡಿಗೆ ಮೈಕ್ ಸೆಟ್ಟು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅದರ ಪಕ್ಕದಲ್ಲೇ ಎರಡು ಕಂಪ್ಯೂಟರ್ ಇಟ್ಟುಕೊಂಡು ಊರಿಗೆಲ್ಲ ಕಂಪ್ಯೂಟರ್ ಕಲಿಸಲು ಹೊರಟಿದ್ದೆ. ಕಲಿಸುವ ಹೆಂಗಸಾದ್ದರಿಂದ ಎಲ್ಲರಿಗೂ ನಾನು 'ಬಾಯಾರು'. ನನಗೆಷ್ಟು ಬರುತ್ತದೆ ಎಂದು ಊರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ಯುಪಿಎಸ್ ಕೈಕೊಟ್ಟಾಗಲೆಲ್ಲ ಬಿಚ್ಚಿ ಕೂರುತ್ತಿದ್ದವರು ಅವರೇ. ಬಿಚ್ಚುವ ಮೊದಲು ಮಾತು ನಿಲ್ಲಿಸುತ್ತಿದ್ದರು. ಬೆರಳ ತುದಿಯಿಂದ ಒಂದೊಂದೇ ಬೆಸುಗೆ ಮುಟ್ಟುತ್ತ ಹೋಗಿ, ಒಂದು ಕಡೆ ನಿಂತು, ನಗುತ್ತಿದ್ದರು.

"ಕೆಟ್ಟದ್ದು ಕೈಗೆ ಸಿಗತೈತ್ರಿ ಬಾಯಾರ. ಸಿಗಲಿಲ್ಲಂದ್ರ ನಾವಿನ್ನಾ ಹುಡುಕಿಲ್ಲ ಅಂತ ಅರ್ಥ."

ಅವರ ಹೆಂಡತಿ ಗಂಗವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಆಕೆಯ ದನಿ ಉಳಿದಿದ್ದು ಒಂದೇ ಒಂದು ಕ್ಯಾಸೆಟ್ಟಿನಲ್ಲಿ. ಗೊಳಸಂಗಿಯಲ್ಲಿ ಆಕೆಯ ಬಸುರಿ ತಂಗಿಯ ಕುಬಸದ, ಅಂದರೆ ಸೀಮಂತದ ದಿನ ಹೆಂಗಸರೆಲ್ಲ ಸೇರಿ, ಗಂಡನ ಹೆಸರು ಹೇಳೆಂದು ಗಂಗವ್ವನನ್ನು ಕಾಡಿದ್ದರು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಇಂಥ ಹೊತ್ತಿನಲ್ಲಿ ಮಾತ್ರ ಒಡಪು ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳುತ್ತಾಳೆ. ಮೈಕ್ ಸೆಟ್ಟಿನ ಜೊತೆ ಹೋಗಿದ್ದ ಭೀಮರಾಯಣ್ಣ ಗುಟ್ಟಾಗಿ ಟೇಪಿನ ಗುಂಡಿ ಒತ್ತಿದ್ದರು.

"ಬಿಸಿ ರೊಟ್ಟಿಗಿ ಬೆಣ್ಣಿ ಹಚ್ಚಿ ಕರದ್ರೂ ಬರೂದಿಲ್ಲ,
ಕೆಟ್ಟ ರೇಡಿಯೋ ಬಿಟ್ಟು ನಮ್ಮ ಭೀಮರಾಯರು ಏಳೂದಿಲ್ಲ."

ಆಮೇಲೆ ಹೆಂಗಸರ ನಗು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ತಮ್ಮ ಹೆಸರನ್ನು ಆಕೆಯ ಬಾಯಲ್ಲಿ ಅವರು ಕೇಳಿದ್ದು ಅದೊಂದೇ ಸಲ. ದಿನಾ ಹಾಕಿ ಹಾಕಿ ಟೇಪು ಸವೆದಿತ್ತು. ಬೇರೆ ಕ್ಯಾಸೆಟ್ಟಿಗೆ ಇಳಿಸಿಯೂ ನೋಡಿದ್ದರಂತೆ. "ಬಾವ್ಯಾಗಿಂದ ಮಾತಾಡಿದಂಗ ಕೇಳತಿತ್ತು, ಅಳಿಸಿಬಿಟ್ನಿ" ಎಂದರು.

ಆಗ ನಾನು ಜಂಬದಿಂದ ಬಾಯಿ ಹಾಕಿದೆ. "ಕಂಪ್ಯೂಟರಿನ್ಯಾಗ ಹಾಕೂಣ್ರಿ ಭೀಮರಾಯಣ್ಣ. ಸಾವಿರ ಸಲ ಕೇಳಿದ್ರೂ ಸವಿಯೂದಿಲ್ಲ." ಆ ಮಾತು ಆಡದೇ ಇದ್ದಿದ್ದರೆ ಎಂದು ಈಗಲೂ ಅನಿಸುತ್ತದೆ.

ದನಿ ಹಿಡಿಯಲು ಕಂಪ್ಯೂಟರಿಗೆ ಸೌಂಡ್ ಕಾರ್ಡ್ ತರಿಸಿದೆ. ಮೊದಲ ದಿನ ಮೈಕ್ ಹಚ್ಚಿ ಅವರ ದನಿಯನ್ನೇ ಹಿಡಿದೆ. ಮದುವೆ ಮನೆಯ ರೂಢಿಯಂತೆ ಮೈಕಿನ ಮೇಲೆ ಎರಡು ಸಲ ಬೆರಳು ಕುಟ್ಟಿ, "ಹಲೋ, ಹಲೋ. ಭೀಮರಾಯ, ಸಿಂದಗಿ ಭೀಮರಾಯ. ಕೇಳಸ್ತೈತೇನು?" ಎಂದರು. ಚೆನ್ನಾಗಿಯೇ ಕೇಳಿಸಿತು, ಫೈಲೂ ಉಳಿಯಿತು. ಮರುದಿನ ಒಗೆದ ಅಂಗಿ ತೊಟ್ಟು ಕ್ಯಾಸೆಟ್ ತಂದರು.

ಟೇಪ್‌ರೆಕಾರ್ಡರಿನಿಂದ ಕಂಪ್ಯೂಟರಿಗೆ ವೈರ್ ಎಳೆದು ಶುರು ಮಾಡಿದರೆ, ಗಂಗವ್ವ ರೊಟ್ಟಿಗೆ ಬೆಣ್ಣೆ ಹಚ್ಚುವುದರೊಳಗೆ ಪರದೆ ನೀಲಿಯಾಗಿ ಎಲ್ಲ ನಿಂತಿತು. ಮತ್ತೆ ಚಾಲೂ ಮಾಡಿದೆ. ಮತ್ತೆ ನೀಲಿ. ಹಿಡಿದಷ್ಟಾದರೂ ಉಳಿಯಿತೇ ಎಂದರೆ ಅದೂ ಇಲ್ಲ. ವಿಜಾಪುರದಲ್ಲಿ ಕಾರ್ಡ್ ಮಾರಿದವನಿಗೆ ಫೋನ್ ಮಾಡಿದರೆ, "ಡ್ರೈವರ್ ಕ್ರ್ಯಾಶ್ ಆಗಾಕತ್ತೈತ್ರಿ, ತಗದು ಮತ್ತ ಹಾಕ್ರಿ" ಎಂದ. ತೆಗೆದೆ, ಹಾಕಿದೆ, ಕಾರ್ಡಿನ ಜಾಗ ಬದಲಿಸಿದೆ. ಮೂರು ದಿನ ಹೀಗೇ ಹೋಯಿತು. ಒಂದೊಂದು ಸಲಕ್ಕೂ ಟೇಪು ಇನ್ನಷ್ಟು ಸವೆಯುತ್ತಿದೆ ಎಂದು ಇಬ್ಬರಿಗೂ ಗೊತ್ತಿತ್ತು.

"ಡ್ರೈವರ್ ಅಂದ್ರ ಏನ್ರಿ?" ಎಂದರು ಒಂದು ದಿನ.

"ಕಾರ್ಡಿನ ಮಾತು ಕಂಪ್ಯೂಟರಿಗೆ ತಿಳಿಸೂ ಪ್ರೋಗ್ರಾಮ್ ರೀ."

"ಎಲ್ಲೈತಿ? ತೋರಸ್ರಿ."

ಸಿಡಿ ಕೊಟ್ಟೆ. ಬೆರಳಾಡಿಸಿ ನೋಡಿ ಕೆಳಗಿಟ್ಟರು. ಆಮೇಲೆ ನಾನು ಬೇಡವೆಂದರೂ ಕೇಳದೆ ಕಾರ್ಡ್ ಬಿಚ್ಚಿಸಿಕೊಂಡು, ಅನುಮಾನ ಬಂದ ಬೆಸುಗೆಗಳನ್ನೆಲ್ಲ ಕಾಯಿಸಿ ಮತ್ತೆ ಹಾಕಿದರು. ಕೈ ಅಷ್ಟು ಚೊಕ್ಕ, ಕಾರ್ಡಿಗೆ ಏನೂ ಆಗಲಿಲ್ಲ. ಪರದೆ ಮಾತ್ರ ಮತ್ತೆ ನೀಲಿಯಾಯಿತು.

"ಕಣ್ಣಿಗೆ ಕಾಣೂದಿಲ್ಲ, ಕೈಗೆ ಹತ್ತೂದಿಲ್ಲ. ಇದಕ್ಕ ನಾ ಏನ್ ಮಾಡ್ಲಿ ಬಾಯಾರ?"

ಅವರ ಬಾಯಿಂದ ಅಂಥ ಮಾತು ನಾನು ಕೇಳಿರಲಿಲ್ಲ. ನನಗಾದರೂ ಏನು ಗೊತ್ತಿತ್ತು? ಕಂಪ್ಯೂಟರ್ ಬಾಯಿ ಎಂದು ಕರೆಸಿಕೊಂಡು ತಿರುಗುತ್ತಿದ್ದೆ, ಅಷ್ಟೇ.

ನಾಲ್ಕನೆಯ ದಿನ ರೊಟ್ಟಿ ದಾಟಿತು, ಬೆಣ್ಣೆ ದಾಟಿತು. "ಕೆಟ್ಟ ರೇಡಿಯೋ ಬಿಟ್ಟು ನಮ್ಮ" ಎನ್ನುವಷ್ಟರಲ್ಲಿ ಕಂಪ್ಯೂಟರ್ ನಿಂತುಹೋಯಿತು. ದನಿ ಮಾತ್ರ ನಿಲ್ಲಲಿಲ್ಲ. ಸ್ಪೀಕರಿನಲ್ಲಿ ಗಂಗವ್ವ "ನಮ್ಮ, ನಮ್ಮ, ನಮ್ಮ, ನಮ್ಮ" ಎಂದು ಒಂದೇ ಸಮನೆ ತೊದಲತೊಡಗಿದಳು. ಮೌಸ್ ಅಲುಗಲಿಲ್ಲ, ಕೀಬೋರ್ಡ್ ಕೇಳಲಿಲ್ಲ.

"ಬಂದ್ ಮಾಡ್ರಿ! ಆಕಿಗೆ ತ್ರಾಸ್ ಆಗಾಕತ್ತೈತಿ, ಬಂದ್ ಮಾಡ್ರಿ!"

ಹಾಗೆ ಕೂಗುತ್ತಲೇ ಅವರು ಟೇಪ್‌ರೆಕಾರ್ಡರಿನ ಬಾಗಿಲು ಎಳೆದು, ತಿರುಗುತ್ತಿದ್ದ ಕ್ಯಾಸೆಟ್ಟನ್ನು ಕಿತ್ತುಬಿಟ್ಟರು. ದನಿ ಬರುವುದು ಟೇಪಿನಿಂದ ಎಂದು ಆಯುಷ್ಯವೆಲ್ಲ ನಂಬಿದ ಕೈ ಅದು. ರೋಲರಿಗೆ ಸಿಕ್ಕಿಕೊಂಡಿದ್ದ ಟೇಪು ಪರ್ ಎಂದು ಹರಿಯಿತು. ಕ್ಯಾಸೆಟ್ ಅವರ ಕೈಯಲ್ಲಿತ್ತು, ಆಕೆ ಇನ್ನೂ "ನಮ್ಮ, ನಮ್ಮ" ಎನ್ನುತ್ತಲೇ ಇದ್ದಳು. ನಾನು ಕಂಪ್ಯೂಟರಿನ ವೈರ್ ಕಿತ್ತ ಮೇಲೆಯೇ ಸುಮ್ಮನಾದದ್ದು.

ಅವರು ಟೇಪಿನ ಚಿಂದಿಯಾದ ತುಂಡನ್ನು ಕತ್ತರಿಸಿ ತೆಗೆದು, ಎರಡು ತುದಿ ಅಂಟಿಸಿ, ಒಂದು ಸಲ ಹಾಕಿದರು. "ಕೆಟ್ಟ ರೇಡಿಯೋ ಬಿಟ್ಟು ನಮ್ಮ... ಏಳೂದಿಲ್ಲ." ಆಮೇಲೆ ಹೆಂಗಸರ ನಗು. ತೆಗೆದ ತುಂಡನ್ನು ಎಂದಿನಂತೆ ಪೇಪರಿನಲ್ಲಿ ಸುತ್ತಿ ಪೊಟ್ಟಣ ಕಟ್ಟಿದರು. ಕೊಡಲು ಯಾರೂ ಇರಲಿಲ್ಲ. ತಮ್ಮ ಅಂಗಿಯ ಜೇಬಿಗೇ ಹಾಕಿಕೊಂಡರು.

ತಿಂಗಳ ಮೇಲೆ ವಿಜಾಪುರದಿಂದ ಡ್ರೈವರಿನ ಬೇರೆ ಸಿಡಿ ಬಂತು. ಹಾಕಿದ ಕೂಡಲೇ ಆ ಹಾಳು ಯಂತ್ರ ಏನೂ ಆಗಿಲ್ಲವೆಂಬಂತೆ ನೆಟ್ಟಗಾಯಿತು. ಆಗ ನನಗೆ ಮೊದಲ ದಿನದ ಫೈಲ್ ನೆನಪಾಯಿತು. ಅಷ್ಟರಲ್ಲಿ ಭೀಮರಾಯಣ್ಣ ಅಂಗಡಿ ಮುಚ್ಚಿ, ಮುದ್ದೇಬಿಹಾಳದ ಮಗಳ ಮನೆಗೆ ಹೊರಟು ನಿಂತಿದ್ದರು. ಬಸ್ ಸ್ಟ್ಯಾಂಡಿಗೆ ಓಡಿದೆ.

"ನಿಮ್ಮ ಹೆಸರು ಐತ್ರಿ ಭೀಮರಾಯಣ್ಣ! ಮೈಕಿನ್ಯಾಗ ನೀವ ಹೇಳಿದ್ದು. ಕ್ಯಾಸೆಟ್ ಕೊಡ್ರಿ, ಅದನ್ನ ಆ ಜಾಗದಾಗ ಕೂಡಿಸಿ ಕೊಡ್ತೇನಿ."

ಅವರು ಜೇಬಿನ ಮೇಲೆ ಕೈ ಇಟ್ಟುಕೊಂಡು ನಕ್ಕರು. ಸಿಟ್ಟಿರಲಿಲ್ಲ ಆ ನಗುವಿನಲ್ಲಿ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

"ನನ್ನ ಹೆಸರ ನಾನ ಕರಕೊಂಡ್ರ ಏನ್ ಬಂತ್ರಿ ಬಾಯಾರ?"

ಬಸ್ಸು ಬಂತು, ಹತ್ತಿದರು. ಮರುವರ್ಷ ಮುದ್ದೇಬಿಹಾಳದಲ್ಲೇ ತೀರಿಕೊಂಡರೆಂದು ಸುದ್ದಿ ಬಂತು. ಅವರ ಫೈಲ್ ಈಗಲೂ ನನ್ನ ಹತ್ತಿರ ಇದೆ. ಎರಡು ಸಲ ಬೆರಳು ಕುಟ್ಟಿದ ಸದ್ದು, ಆಮೇಲೆ ಭೀಮರಾಯ, ಸಿಂದಗಿ ಭೀಮರಾಯ. ನಾನು ಹೇಳಿದ್ದ ಹಾಗೆಯೇ, ಒಂದಿಷ್ಟೂ ಸವೆದಿಲ್ಲ.